ಫಯರ್ ಇಂಜಿನ್ ಗಲ್ಲಿಯ ಬಾಯಲ್ಲೇ ನಿಂತರೆ?

ಬೇಸಗೆ ಬಂತೆಂದರೆ ಮಂಗಳೂರಿನ ಪತ್ರಿಕೆಗಳಲ್ಲಿ ಬೆಂಕಿಯ ಸುದ್ದಿ ಹೆಚ್ಚುತ್ತದೆ. ಗುಡ್ಡೆಯ ಒಣಹುಲ್ಲಿಗೆ ಬೆಂಕಿ, ಗುಜರಿ ಅಂಗಡಿಗೆ ಬೆಂಕಿ, ಪಚ್ಚನಾಡಿಯ ಕಸದ ರಾಶಿಗೆ ಬೆಂಕಿ, ದಡದಲ್ಲಿ ಕಟ್ಟಿದ ಬೋಟಿಗೆ ಬೆಂಕಿ. ಓದುತ್ತೇವೆ, ‘ಜೀವಕ್ಕೆ ಏನೂ ಆಗಿಲ್ಲವಲ್ಲ, ಅಲ್‌ಹಮ್ದುಲಿಲ್ಲಾಹ್’ ಎನ್ನುತ್ತೇವೆ, ಪುಟ ಮಗುಚುತ್ತೇವೆ. ಜೀವಕ್ಕೆ ಏನಾದರೂ ಆದ ದಿನ ಮಾತ್ರ ಎರಡು ಪ್ರಶ್ನೆ ಕೇಳುತ್ತೇವೆ. ಫಯರ್ ಇಂಜಿನ್ ಯಾಕೆ ತಡ ಆಯ್ತು? ಬಂದದ್ದು ಯಾಕೆ ಗಲ್ಲಿಯ ಒಳಗೆ ಬರ್ಲಿಲ್ಲ?

ಈ ಎರಡು ಪ್ರಶ್ನೆಗಳನ್ನು ಬೆಂಕಿ ಬೀಳುವ ಮೊದಲೇ ಕೇಳಬೇಕು ಎಂದು ನಾವು ಹೇಳುತ್ತಿದ್ದೇವೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಬುದ್ಧಿ ಇನ್ನು ಸಾಕು. ಬೆಳೆಯುತ್ತಿರುವ ಒಂದು ನಗರ ತನ್ನ ಅಗ್ನಿಶಾಮಕ ವ್ಯವಸ್ಥೆಯನ್ನು ಹೇಗೆ ಕಟ್ಟಬೇಕು ಎಂಬುದಕ್ಕೆ ದೊಡ್ಡ ದೊಡ್ಡ ವರದಿಗಳು ಬಂದಿವೆ. ಕುದ್ರೋಳಿಯಂಥ ಮೊಹಲ್ಲಾದಲ್ಲಿ ಕೂತವರಿಗೆ ಅಳತೆಗೋಲು ಒಂದೇ ಸಾಕು: ಕರೆ ಮಾಡಿದ ಮೇಲೆ ಗಲ್ಲಿಯ ಕಟ್ಟಕಡೆಯ ಮನೆಗೆ ನೀರು ಎಷ್ಟು ನಿಮಿಷದಲ್ಲಿ ಮುಟ್ಟುತ್ತದೆ? ಎಷ್ಟು ವಾಹನ ಖರೀದಿಸಿದರು, ಅದಕ್ಕೆ ಎಷ್ಟು ಕೋಟಿ ಖರ್ಚಾಯಿತು ಎಂಬುದೆಲ್ಲ ಆಮೇಲಿನ ಮಾತು.

ಬೆಳೆದ ನಗರ, ಹಳೆಯ ಗಲ್ಲಿ

ಕುದ್ರೋಳಿ, ಅಳಕೆ, ಕಂಡತ್ತಪಳ್ಳಿ, ಬೊಕ್ಕಪಟ್ಣ, ಬಂದರ್ – ಇವು ಮಂಗಳೂರಿನ ಹಳೆಯ ಭಾಗಗಳು. ಇಲ್ಲಿಯ ದಾರಿಗಳು ಎತ್ತಿನ ಗಾಡಿ, ಕೈಗಾಡಿಯ ಕಾಲದವು. ಒಂದು ಕಾಲದಲ್ಲಿ ನಮ್ಮ ಕರಾವಳಿಯ ಮನೆಗಳಿಗೆ ಮುಳಿಹುಲ್ಲಿನ ಅಥವಾ ಮಡಲಿನ ಮಾಡು. ಒಂದು ಕಿಡಿ ಹಾರಿದರೆ ಸಾಲಿಗೆ ಸಾಲೇ ಹೋಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಊರಿನ ಮಾಡು ನಿಧಾನಕ್ಕೆ ಕೆಂಪಾಯಿತು. ಮಂಗಳೂರು ಹಂಚು ಮಳೆಗೆ ಮಾತ್ರವಲ್ಲ, ಬೆಂಕಿಗೂ ಒಂದು ತಡೆ ಆಯಿತು.

ಈಗ ಹಂಚಿನ ಮನೆಗಳೂ ಹೋಗಿವೆ. ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಅಂಗಳದಲ್ಲಿ ಎರಡು ಮನೆ, ಮೂರು ಮನೆ. ಮುಂಭಾಗದ ರಸ್ತೆಯಲ್ಲಿ ಫ್ಲ್ಯಾಟು. ಕೆಳಗೆ ಅಂಗಡಿ ಅಥವಾ ಗೋದಾಮು, ಮೇಲೆ ಸಂಸಾರಗಳು. ಮೇಲೆ ಹೋಗಲು ಇರುವುದು ಒಂದೇ ಮೆಟ್ಟಿಲು. ಆ ಮೆಟ್ಟಿಲಿನ ಅಡಿಯಲ್ಲಿ ಮೀಟರ್ ಬೋರ್ಡು, ಅದರ ಪಕ್ಕದಲ್ಲೇ ನಾಲ್ಕು ಸ್ಕೂಟರು, ಅದರಲ್ಲೊಂದು ಚಾರ್ಜಿಗೆ ಇಟ್ಟ ಎಲೆಕ್ಟ್ರಿಕ್ ಸ್ಕೂಟರು. ಕಳ್ಳರ ಹೆದರಿಕೆಗೆ ಕಿಟಕಿ, ಬಾಲ್ಕನಿಗೆಲ್ಲ ಕಬ್ಬಿಣದ ಗ್ರಿಲ್. ಟೆರೇಸಿನ ಬಾಗಿಲಿಗೆ ಬೀಗ, ಅದರ ಕೀ ಯಾರ ಹತ್ತಿರ ಉಂಟೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ.

ಕಾಂಕ್ರೀಟು ಸುಡುವುದಿಲ್ಲ ಎಂಬ ಧೈರ್ಯ ನಮಗೆ. ಹೌದು, ಕಾಂಕ್ರೀಟು ಸುಡುವುದಿಲ್ಲ, ಒಳಗೆ ಇರುವುದೆಲ್ಲ ಸುಡುತ್ತದೆ. ಹಿಂದಿನ ಮನೆಯಲ್ಲಿ ಚಾಪೆ, ಮರದ ಮಂಚ, ಹತ್ತಿಯ ಹಾಸಿಗೆ ಇತ್ತು. ಈಗ ಫೋಮಿನ ಸೋಫಾ, ಪ್ಲಾಸ್ಟಿಕ್ ಕುರ್ಚಿ, ಪಾಲಿಸ್ಟರ್ ಪರದೆ. ಇವುಗಳ ಬೆಂಕಿ ಬೇಗ ಏರುತ್ತದೆ. ಕಿಡಿ ಕಂಡ ಕೆಲವೇ ನಿಮಿಷಗಳಲ್ಲಿ ಒಂದು ಕೋಣೆ ಪೂರ್ತಿ ಹೊತ್ತಿಕೊಳ್ಳಬಹುದು. ಜ್ವಾಲೆ ಮುಟ್ಟುವುದಕ್ಕಿಂತ ಮೊದಲೇ ಕಪ್ಪು ಹೊಗೆ ಜನರನ್ನು ಕೆಡವುತ್ತದೆ. ಹಂಚಿನ ಮಾಡಿನ ಸಂದಿನಲ್ಲಿ ಹೊಗೆ ಹೊರಗೆ ಹೋಗುತ್ತಿತ್ತು. ಬಾಗಿಲು ಮುಚ್ಚಿ ಏಸಿ ಹಾಕಿದ ಫ್ಲ್ಯಾಟಿನಲ್ಲಿ ಹೊಗೆಗೆ ಹೋಗಲು ದಾರಿ ಇರುವುದು ಮೆಟ್ಟಿಲು ಮಾತ್ರ. ಜನರಿಗೆ ಇಳಿದು ಬರಲು ಇರುವ ದಾರಿಯೂ ಅದೇ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಆದದ್ದು ಇದೇ. ಒಂಬತ್ತು ಜನ ತೀರಿಕೊಂಡರು. ಹೊಗೆಯಿಂದ ಉಸಿರುಗಟ್ಟಿ ಕೆಲವರು ಮೇಲಿನ ಮಹಡಿಗಳಿಂದ ಹಾರಿದರು. ಇದು ಬೆಂಗಳೂರಿನ ನಡುಮಧ್ಯದ ದೊಡ್ಡ ಕಟ್ಟಡ. ರಸ್ತೆ ಅಗಲ ಇತ್ತು, ಆದರೂ ಹೀಗಾಯಿತು. ಮತ್ತೆ ನಮ್ಮ ಗಲ್ಲಿಗಳ ಪಾಡೇನು?

ನಿಮಿಷದ ಲೆಕ್ಕ

ಕುದ್ರೋಳಿಯ ಒಂದು ಮನೆಗೆ ಸಂಜೆ ಏಳು ಗಂಟೆಗೆ ಬೆಂಕಿ ಬಿತ್ತು ಎಂದಿಟ್ಟುಕೊಳ್ಳಿ. ನಿಮಿಷಗಳು ಎಲ್ಲಿ ಸೋರಿ ಹೋಗುತ್ತವೆ ನೋಡೋಣ.

ಮೊದಲು ಹೋಗುವುದು ನಮ್ಮ ಕೈಯಲ್ಲೇ. ಬೆಂಕಿ ಕಂಡವನು ಮೊದಲು ಕೂಗುತ್ತಾನೆ, ಆಮೇಲೆ ಅಣ್ಣನಿಗೆ ಫೋನ್, ಆಮೇಲೆ ಪರಿಚಯದ ಲೀಡರಿಗೆ ಫೋನ್. 101 ಅಥವಾ 112ಕ್ಕೆ ಫೋನ್ ಹೋಗುವುದು ಕೊನೆಗೆ. ಹೋದಾಗಲೂ ವಿಳಾಸ ಹೇಳಲು ಬರುವುದಿಲ್ಲ. ‘ಪಳ್ಳಿಯ ಹಿಂದೆ’ ಎಂದರೆ ಯಾವ ಪಳ್ಳಿ? ‘ಇಬ್ರಾಹಿಂ ಹಾಜಿಯವರ ಕಂಪೌಂಡು’ ಎಂದರೆ ಕಂಟ್ರೋಲ್ ರೂಮಿನವರಿಗೆ ಏನು ಗೊತ್ತು?

ಎರಡನೆಯದು ರಸ್ತೆ. ನಗರದ ಅಗ್ನಿಶಾಮಕ ಠಾಣೆ ಎಂದರೆ ನಮಗೆ ನೆನಪಾಗುವುದು ಎರಡು – ಪಾಂಡೇಶ್ವರ ಮತ್ತು ಕದ್ರಿ. ಪಾಂಡೇಶ್ವರದಿಂದ ಕುದ್ರೋಳಿಗೆ ಸುಮಾರು ಮೂರು ಕಿಲೋಮೀಟರು. ನಕ್ಷೆಯಲ್ಲಿ ನೋಡಿದರೆ ಹತ್ತಿರವೇ. ಆದರೆ ಸಂಜೆ ಏಳಕ್ಕೆ ಸ್ಟೇಟ್‌ಬ್ಯಾಂಕಿನ ಬಸ್ಸುಗಳ ನಡುವೆ, ಬಂದರಿನಲ್ಲಿ ಲೋಡು ಇಳಿಸುವ ಲಾರಿಗಳ ನಡುವೆ ದೊಡ್ಡ ವಾಹನ ನುಗ್ಗಿ ಬರಬೇಕು. ಕದ್ರಿಯಿಂದ ಬರುವುದಾದರೂ ಪೇಟೆ ದಾಟಿಯೇ ಬರಬೇಕು. ಸೈರನ್ ಹಾಕಿದರೆ ಜನ ದಾರಿ ಬಿಡಬಹುದು, ಆದರೆ ಬಿಡಲು ಜಾಗ ಇರಬೇಕಲ್ಲ?

ಮೂರನೆಯದು ಕೊನೆಯ ನೂರು ಮೀಟರು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ವಾಹನ ಮುಖ್ಯ ರಸ್ತೆಯಲ್ಲಿ ನಿಂತರೆ ಸಿಬ್ಬಂದಿ ಪೈಪಿಗೆ ಪೈಪು ಜೋಡಿಸುತ್ತಾ ಗಲ್ಲಿಯೊಳಗೆ ಓಡಬೇಕು. ತಿರುವಿನಲ್ಲಿ ನಿಲ್ಲಿಸಿದ ಕಾರು, ತಲೆಗೆ ತಾಗುವ ವಯರು, ಅಗೆದು ಮುಚ್ಚದೆ ಬಿಟ್ಟ ಹೊಂಡ ಎಲ್ಲ ದಾಟಿ.

ನಾಲ್ಕನೆಯದು ನೀರು. ಒಂದು ಸಾಮಾನ್ಯ ವಾಟರ್ ಟೆಂಡರಿನಲ್ಲಿ ಸುಮಾರು 4,500 ಲೀಟರ್ ನೀರು ಇರುತ್ತದೆ. ಒಂದು ಪೈಪಿನಲ್ಲಿ ನಿಮಿಷಕ್ಕೆ 450 ಲೀಟರ್ ಬಿಟ್ಟರೆ ಹತ್ತು ನಿಮಿಷಕ್ಕೆ ಟ್ಯಾಂಕು ಖಾಲಿ. ಮತ್ತೆ ತುಂಬಿಸಲು ಎಲ್ಲಿಗೆ ಹೋಗಬೇಕು? ರಸ್ತೆ ಬದಿಯಲ್ಲಿ ನೀರಿನ ಹೈಡ್ರಂಟ್ ಇರಬೇಕೆಂಬುದು ನಿಯಮ. ಕುದ್ರೋಳಿಯಲ್ಲಿ ಅದನ್ನು ಕಂಡವರು ಕೈ ಎತ್ತಿ! ತುಂಬೆ ಅಣೆಕಟ್ಟಿನಿಂದ ನಗರಕ್ಕೆ ನೀರು ಬರುತ್ತದೆ ಸರಿ, ನಳ್ಳಿಯಲ್ಲಿ ಬರುವ ಗಂಟೆಗೇ ಬೆಂಕಿ ಬೀಳುವುದಿಲ್ಲ.

ಹೀಗೆ ನಾಲ್ಕು ಕಡೆ ಸೋರುವ ನಿಮಿಷಗಳಲ್ಲಿ ಠಾಣೆಯವರ ಕೈಯಲ್ಲಿರುವುದು ಸ್ವಲ್ಪವೇ. ಉಳಿದದ್ದು ಪಾಲಿಕೆಯದ್ದು, ಟ್ರಾಫಿಕ್ ಪೊಲೀಸರದ್ದು, ಮೆಸ್ಕಾಂನದ್ದು, ನಮ್ಮದು. ತಡವಾಗಿ ಬಂದ ಸಿಬ್ಬಂದಿಗೆ ಬೈಯುವ ಮೊದಲು ಇದನ್ನು ನೆನಪಿಡಬೇಕು.

ದೇಶದ ಮಟ್ಟದಲ್ಲಿ ಇದಕ್ಕೆ ಮಾನದಂಡಗಳು ಇವೆ. ಕೇಂದ್ರ ಗೃಹ ಸಚಿವಾಲಯದ ಸ್ಥಾಯಿ ಅಗ್ನಿ ಸಲಹಾ ಮಂಡಳಿಯ ಲೆಕ್ಕದಲ್ಲಿ ನಗರ ಪ್ರದೇಶದಲ್ಲಿ ಪ್ರತಿ 10 ಚದರ ಕಿಲೋಮೀಟರಿಗೆ ಒಂದು ಅಗ್ನಿಶಾಮಕ ಠಾಣೆ ಇರಬೇಕು. ಮಂಗಳೂರು ಮಹಾನಗರ ಪಾಲಿಕೆಯ ವಿಸ್ತೀರ್ಣ ಸುಮಾರು 132 ಚದರ ಕಿಲೋಮೀಟರು. ಹತ್ತರಿಂದ ಭಾಗಿಸಲು ಕ್ಯಾಲ್ಕುಲೇಟರ್ ಬೇಕಾಗಿಲ್ಲ. 2011ರ ಜನಗಣತಿಯಲ್ಲೇ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ 4.88 ಲಕ್ಷ ಇತ್ತು. ಅದರ ಮೇಲೆ ಎಷ್ಟು ಬಹುಮಹಡಿಗಳು ಎದ್ದವು ಎಂಬುದನ್ನು ಕಣ್ಣಲ್ಲೇ ನೋಡುತ್ತಿದ್ದೇವೆ.

ಹೊಳೆಯಾಚೆಯ ಬೆಂಗ್ರೆ

ನಕ್ಷೆಯ ಹತ್ತಿರ ಮತ್ತು ದಾರಿಯ ಹತ್ತಿರ ಬೇರೆ ಬೇರೆ ಎಂಬುದಕ್ಕೆ ಬೆಂಗ್ರೆಗಿಂತ ದೊಡ್ಡ ಸಾಕ್ಷಿ ಬೇಡ. ಬಂದರಿನ ದಕ್ಕೆಯಲ್ಲಿ ನಿಂತರೆ ಕಸಬಾ ಬೆಂಗ್ರೆ ಎದುರಿಗೇ ಕಾಣುತ್ತದೆ. ಫೆರಿ ಹತ್ತಿದರೆ ಕೆಲವೇ ನಿಮಿಷ. ಆದರೆ ಫಯರ್ ಇಂಜಿನ್ ಫೆರಿ ಹತ್ತುವುದಿಲ್ಲ. ಪಾಂಡೇಶ್ವರದಿಂದ ಹೊರಟದ್ದು ನಗರ ಪೂರ್ತಿ ದಾಟಿ, ಕೂಳೂರು ಸೇತುವೆ ದಾಟಿ, ಪಣಂಬೂರು ಕಡೆಯಿಂದ ತಿರುಗಿ ತಣ್ಣೀರುಬಾವಿಯ ಮರಳಿನ ದಾರಿ ಹಿಡಿದು ಬರಬೇಕು. ಹೆದ್ದಾರಿಯಲ್ಲಿ ಬ್ಲಾಕ್ ಆದ ದಿನ ಕೇಳುವುದೇ ಬೇಡ.

ಬೆಂಗ್ರೆಯಲ್ಲಿ ಲಂಗರು ಹಾಕಿದ್ದ ಬೋಟುಗಳು ಸುಟ್ಟು ಹೋದದ್ದನ್ನು ನಾವು ಕಂಡಿದ್ದೇವೆ. ಬೋಟು ಎಂದರೆ ಡೀಸೆಲ್, ನೈಲಾನ್ ಬಲೆ, ಫೈಬರ್, ಅಡುಗೆ ಗ್ಯಾಸು – ಎಲ್ಲವೂ ಒಂದೇ ಕಡೆ. ಒಂದಕ್ಕೊಂದು ಕಟ್ಟಿ ಸಾಲಾಗಿ ನಿಲ್ಲಿಸಿರುವುದರಿಂದ ಒಂದಕ್ಕೆ ಹಿಡಿದರೆ ಪಕ್ಕದ್ದಕ್ಕೂ ಹಿಡಿಯುತ್ತದೆ. ಒಂದು ಬೋಟನ್ನು ನಂಬಿ ಎಷ್ಟು ಮನೆಗಳ ಒಲೆ ಉರಿಯುತ್ತದೆ ಎಂಬುದು ದಕ್ಕೆಯ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಸುತ್ತಲೂ ನೀರು, ಆದರೆ ಆ ನೀರನ್ನು ಎತ್ತಿ ಬಿಡಲು ಒಂದು ಪಂಪು ಬೇಕು. ಹೊಳೆಯ ನೀರನ್ನೇ ಎಳೆದು ಬಿಡುವ ಪಂಪು ಕಟ್ಟಿದ ಒಂದು ದೋಣಿ ಬಂದರಿನಲ್ಲಿ ಸದಾ ಸಿದ್ಧ ಇದ್ದರೆ ಬೆಂಗ್ರೆಗೂ ಆಯಿತು, ಬೊಕ್ಕಪಟ್ಣ, ಬೋಳೂರು, ಸುಲ್ತಾನ್ ಬತ್ತೇರಿಯ ದಡಕ್ಕೂ ಆಯಿತು. ಪಣಂಬೂರಿನಲ್ಲಿ ನವಮಂಗಳೂರು ಬಂದರಿಗೆ ಅದರದ್ದೇ ಅಗ್ನಿಶಾಮಕ ದಳ ಉಂಟು. ಬೆಂಗ್ರೆಗೆ ಮೊದಲು ಹೊರಡಬೇಕಾದದ್ದು ಅದು ಎಂದು ಮೊದಲೇ ಬರೆದಿಟ್ಟರೆ ಫೋನಿನಲ್ಲಿ ಚರ್ಚೆ ಮಾಡುವ ಸಮಯ ಉಳಿಯುತ್ತದೆ.

ಯಾರ ಕೆಲಸ ಇದು?

ಇಲ್ಲಿ ಒಂದು ಗಂಟು ಉಂಟು. 1992ರ 74ನೇ ಸಂವಿಧಾನ ತಿದ್ದುಪಡಿ ನಗರಾಡಳಿತಕ್ಕೆ ವಹಿಸಬಹುದಾದ 18 ಕೆಲಸಗಳ ಪಟ್ಟಿ ಕೊಟ್ಟಿದೆ. ಅದರಲ್ಲಿ ಅಗ್ನಿಶಾಮಕ ಸೇವೆಯೂ ಒಂದು. ಮುಂಬೈಯಲ್ಲಿ ಫಯರ್ ಬ್ರಿಗೇಡ್ ಇರುವುದು ಪಾಲಿಕೆಯ ಕೈಕೆಳಗೆ. ಕರ್ನಾಟಕದಲ್ಲಿ ಹಾಗಲ್ಲ. 1964ರ ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆಯಡಿ ಇದು ರಾಜ್ಯ ಸರಕಾರದ ಇಲಾಖೆ, ಗೃಹ ಖಾತೆಗೆ ಸೇರಿದ್ದು. ಬೆಂಕಿ ಆರಿಸುವವರು ಗೃಹ ಇಲಾಖೆ. ಕಟ್ಟಡಕ್ಕೆ ಲೈಸೆನ್ಸ್ ಕೊಡುವವರು, ನೀರು ಕೊಡುವವರು, ರಸ್ತೆ ಮಾಡುವವರು ಪಾಲಿಕೆ. ತಂತಿ ಎಳೆಯುವವರು ಮೆಸ್ಕಾಂ. ಕಾರು ಎತ್ತಿಸಬೇಕಾದವರು ಪೊಲೀಸರು. ಪ್ರತಿಯೊಬ್ಬರಿಗೂ ಬೇರೆ ಬೇರೆ ಯಜಮಾನ.

ಹಾಗಾದರೆ ಮಂಗಳೂರಿನ ಅಗ್ನಿಶಾಮಕ ದಳವನ್ನು ಪಾಲಿಕೆಗೆ ಒಪ್ಪಿಸಬೇಕೇ? ಈಗ ಹಾಗೆ ಹೇಳಲು ನಮಗೆ ಧೈರ್ಯ ಇಲ್ಲ. ಕಸ ಎತ್ತಲು, ಚರಂಡಿ ರಿಪೇರಿಗೆ ಹಣ ಸಾಲದು ಎನ್ನುವ ಪಾಲಿಕೆ ತರಬೇತಿ ಪಡೆದ ಸಿಬ್ಬಂದಿಗೆ ಸಂಬಳ, ವಾಹನ, ಆಮ್ಲಜನಕದ ಉಪಕರಣ ಎಲ್ಲಿಂದ ಕೊಡುತ್ತದೆ? ರಾಜ್ಯದ ದಳ ಆಗಿರುವುದರಲ್ಲಿ ಒಂದು ಲಾಭವೂ ಇದೆ. ದೊಡ್ಡ ಅನಾಹುತ ಆದಾಗ ಬಂಟ್ವಾಳ, ಮೂಡುಬಿದಿರೆ, ಉಡುಪಿಯಿಂದ ವಾಹನ ತರಿಸಲು ಯಾರ ಅನುಮತಿಗೂ ಕಾಯಬೇಕಾಗಿಲ್ಲ.

ಆದರೆ ದಳ ರಾಜ್ಯದ್ದು ಎಂಬ ನೆಪ ಹೇಳಿ ಪಾಲಿಕೆ ಕೈ ತೊಳೆದುಕೊಳ್ಳುವುದು ಸರಿಯಲ್ಲ. ಠಾಣೆಗೆ ಜಾಗ, ಹೈಡ್ರಂಟಿಗೆ ನೀರು, ಗಲ್ಲಿಯ ಅಗಲ, ಮನೆಯ ನಂಬರು, ಲೈಸೆನ್ಸ್ ಕೊಟ್ಟ ಮೇಲಿನ ತಪಾಸಣೆ – ಈ ಐದರ ಉತ್ತರ ಪಾಲಿಕೆಯೇ ಕೊಡಬೇಕು. 15ನೇ ಹಣಕಾಸು ಆಯೋಗ ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ ಮತ್ತು ಆಧುನೀಕರಣಕ್ಕೆಂದು 5,000 ಕೋಟಿ ರೂಪಾಯಿ ತೆಗೆದಿಡಲು ಹೇಳಿತ್ತು. ಆ ಗಂಟಿನಲ್ಲಿ ನಮ್ಮ ನಗರದ ಪಾಲು ಯಾವ ಕೆಲಸಕ್ಕೆ ಬಂತು ಎಂದು ನಮ್ಮ ಶಾಸಕರು ವಿಧಾನಸಭೆಯಲ್ಲಿ ಕೇಳಬೇಕು.

ಮುಂಬೈಯಿಂದ ಕಲಿಯಬೇಕಾದ ಇನ್ನೊಂದು ಪಾಠ ಉಂಟು. 2015ರ ಮೇ 9ರಂದು ಅಲ್ಲಿಯ ಕಾಲ್ಬಾದೇವಿಯ ಇಕ್ಕಟ್ಟಾದ ಗಲ್ಲಿಯಲ್ಲಿ ಗೋಕುಲ್ ನಿವಾಸ್ ಎಂಬ ಹಳೆಯ ಕಟ್ಟಡಕ್ಕೆ ಬೆಂಕಿ ಬಿತ್ತು. ಅದನ್ನು ಆರಿಸಲು ಹೋದ ಅಗ್ನಿಶಾಮಕ ದಳದ ನಾಲ್ವರು ಅಧಿಕಾರಿಗಳೇ ಪ್ರಾಣ ಕಳೆದುಕೊಂಡರು, ದಳದ ಮುಖ್ಯಸ್ಥರೂ ಅವರಲ್ಲಿ ಒಬ್ಬರು. ಕಾಲ್ಬಾದೇವಿಯನ್ನು ನೋಡಿದ ನಮ್ಮವರು ಸುಮಾರು ಜನ ಇದ್ದಾರೆ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕೈಗಾಡಿ. ನಮ್ಮ ಬಂದರಿನ ದೊಡ್ಡಣ್ಣ ಎನ್ನಬಹುದು. ಅದರ ನಂತರದ ವರ್ಷಗಳಲ್ಲಿ ಮುಂಬೈ ಪಾಲಿಕೆ ವಾರ್ಡುಗಳಲ್ಲಿ ಮಿನಿ ಅಗ್ನಿಶಾಮಕ ಠಾಣೆಗಳನ್ನು ಶುರು ಮಾಡಿತು. ದೊಡ್ಡ ಕಟ್ಟಡ ಇಲ್ಲ, ಚಿಕ್ಕ ವಾಹನ, ಕೆಲವೇ ಸಿಬ್ಬಂದಿ. ದೊಡ್ಡ ವಾಹನ ಬಂದು ಮುಟ್ಟುವ ತನಕ ಬೆಂಕಿಯನ್ನು ಒಂದು ಕೋಣೆಯಲ್ಲೇ ಕಟ್ಟಿಹಾಕುವುದು ಅವರ ಕೆಲಸ.

ನಮಗೆ ಬೇಕಾದದ್ದೂ ಇದೇ. ಹಳೆ ಬಂದರು, ಕುದ್ರೋಳಿ, ಬೊಕ್ಕಪಟ್ಣ, ಬೋಳೂರು ಈ ಭಾಗಕ್ಕೆ ಒಂದು ಕಿರು ಠಾಣೆ. ಎರಡು ಚಿಕ್ಕ ವಾಹನ ನಿಲ್ಲುವಷ್ಟು ಪಾಲಿಕೆಯ ಜಾಗ ಸಾಕು. ಗಲ್ಲಿಯೊಳಗೆ ನುಗ್ಗುವ ಬುಲೆಟ್ ಬೈಕಿನ ಮೇಲೆ ನೀರು-ಫೋಮಿನ ಸಿಲಿಂಡರ್ ಕಟ್ಟಿದ ವ್ಯವಸ್ಥೆ ದೊಡ್ಡ ನಗರಗಳಲ್ಲಿ ಬಳಕೆಗೆ ಬಂದಿದೆ. ಅಂಥದ್ದು ಬೇಕಾದದ್ದು ಬಂದರಿನಂಥ ಕಡೆಗೇ.

‘ಬೆಂಕಿ ದಿನಾ ಬೀಳುತ್ತದಾ, ಸುಮ್ಮನೆ ಸಿಬ್ಬಂದಿ ಕೂತಿರಬೇಕಾ?’ ಎಂದು ಕೇಳುವವರಿದ್ದಾರೆ. ಅವರು ಈ ಇಲಾಖೆಯ ಹೆಸರಿನಲ್ಲಿ ‘ತುರ್ತು ಸೇವೆಗಳು’ ಎಂಬ ಮಾತೂ ಇರುವುದನ್ನು ಮರೆತಿದ್ದಾರೆ. ಬಾವಿಗೆ ಬಿದ್ದವರನ್ನು ಎತ್ತುವುದು, ಮಳೆಗಾಲದಲ್ಲಿ ರಸ್ತೆಗೆ ಉರುಳಿದ ಮರ ಕಡಿಯುವುದು, ನೆರೆಯಲ್ಲಿ ಸಿಕ್ಕಿದವರನ್ನು ತರುವುದು ಎಲ್ಲ ಇವರೇ. 2024ರ ಜುಲೈಯಲ್ಲಿ ಬಲ್ಮಠದಲ್ಲಿ ಕಟ್ಟಡ ಕಾಮಗಾರಿಯ ಜಾಗದಲ್ಲಿ ಮಣ್ಣು ಕುಸಿದು ಕೂಲಿ ಕಾರ್ಮಿಕರು ಸಿಕ್ಕಿಹಾಕಿಕೊಂಡಾಗ ಗಂಟೆಗಟ್ಟಲೆ ಮಣ್ಣು ತೋಡಿದವರಲ್ಲಿ ಅಗ್ನಿಶಾಮಕ ಸಿಬ್ಬಂದಿಯೂ ಇದ್ದರು. ನಗರ ಬೆಳೆದಂತೆ ಇವರ ಕೆಲಸ ಬೆಂಕಿಯನ್ನು ಮೀರಿ ಬೆಳೆದಿದೆ.

ಹೆದ್ದಾರಿಯಲ್ಲಿ ಓಡುವ ಅಪಾಯ

ಮಂಗಳೂರಿಗೆ ಇನ್ನೊಂದು ವಿಶೇಷ ಉಂಟು. ಬಂದರಿಗೆ ಬಂದಿಳಿಯುವ ಅಡುಗೆ ಅನಿಲ ಇಲ್ಲಿಂದ ಟ್ಯಾಂಕರುಗಳಲ್ಲಿ ಘಟ್ಟ ಹತ್ತುತ್ತದೆ. 2012ರ ಆಗಸ್ಟ್ 27ರಂದು ಕಣ್ಣೂರಿನ ಚಾಲದಲ್ಲಿ ಮಗುಚಿದ ಗ್ಯಾಸ್ ಟ್ಯಾಂಕರಿನಿಂದ 20 ಜನ ತೀರಿಕೊಂಡರು. ಮರುವರ್ಷ ಏಪ್ರಿಲಿನಲ್ಲಿ ನಮ್ಮದೇ ಜಿಲ್ಲೆಯ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿ ಹೆದ್ದಾರಿ ಪಕ್ಕದ ಮನೆಗಳಲ್ಲಿದ್ದವರು ಸುಟ್ಟುಹೋದರು. ಅಂಥದ್ದು ನಗರದ ಒಳಗೇ, ನಂತೂರಿನಲ್ಲೋ ಕೂಳೂರಿನಲ್ಲೋ ಆದರೆ ಮೊದಲು ಯಾರು ಹೊರಡಬೇಕು, ಜನರನ್ನು ಎಷ್ಟು ದೂರ ಸರಿಸಬೇಕು, ಕರೆಂಟು ಯಾರು ಕಡಿಯಬೇಕು?

ಎಂಆರ್‌ಪಿಎಲ್, ನವಮಂಗಳೂರು ಬಂದರು, ಬಜ್ಪೆ ವಿಮಾನ ನಿಲ್ದಾಣ – ಮೂರಕ್ಕೂ ಅವುಗಳದ್ದೇ ದಳಗಳಿವೆ, ಒಳ್ಳೆಯ ಉಪಕರಣಗಳಿವೆ. ಆದರೆ ಗೇಟಿನ ಹೊರಗೆ ಬಂದ ಮೇಲೆ ಏನು ಎಂಬುದೇ ಪ್ರಶ್ನೆ. 2010ರ ಮೇ 22ರ ಬೆಳಿಗ್ಗೆಯನ್ನು ನಮ್ಮ ಸಮುದಾಯ ಮರೆಯಲು ಸಾಧ್ಯವಿಲ್ಲ. ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, ಎಂಟು ಜನ ಮಾತ್ರ ಉಳಿದರು. ಕುಂದಾಪುರದಿಂದ ಕಾಸರಗೋಡಿನ ತನಕ ಎಷ್ಟೋ ಮನೆಗಳಲ್ಲಿ ಅಂದು ಬರಬೇಕಾದವರು ಬರಲಿಲ್ಲ. ಅಲ್ಲಿಗೆ ಮೊದಲು ಓಡಿ ಹೋದವರು ಸುತ್ತಲಿನ ಊರಿನ ಜನ. ನಿಲ್ದಾಣದ ಹೊರಗಿನ ದಾರಿ ಇಕ್ಕಟ್ಟಾಗಿ, ಇಳಿಜಾರಾಗಿದ್ದುದರಿಂದ ದೊಡ್ಡ ವಾಹನಗಳಿಗೆ ಆ ಕಣಿವೆ ತಲುಪುವುದೇ ಕಷ್ಟವಾಯಿತು. ಉಪಕರಣ ಇದ್ದರೂ ದಾರಿ ಇಲ್ಲದಿದ್ದರೆ ಏನಾಗುತ್ತದೆ ಎಂಬ ಪಾಠವನ್ನು ನಾವು ಬಹಳ ದೊಡ್ಡ ಬೆಲೆ ತೆತ್ತು ಕಲಿತಿದ್ದೇವೆ. ಆ ಪಾಠವನ್ನು ಕೆಂಜಾರಿಗೆ ಮಾತ್ರ ಬಿಟ್ಟುಬಿಡಬಾರದು.

ಮೊಹಲ್ಲಾದ ಪಾಲು

ಸರಕಾರಕ್ಕೆ ಹೇಳಿದ್ದು ಆಯಿತು. ನಮಗೆ ನಾವು ಹೇಳಿಕೊಳ್ಳುವುದೂ ಉಂಟು.

ಪ್ರವಾದಿ (ಸ.ಅ.) ಅವರ ಕಾಲದಲ್ಲಿ ಮದೀನಾದ ಒಂದು ಮನೆ ರಾತ್ರಿ ಹೊತ್ತು ಮನೆಮಂದಿಯ ಸಮೇತ ಸುಟ್ಟುಹೋದ ಸುದ್ದಿ ಬಂದಾಗ, ಬೆಂಕಿ ನಿಮ್ಮ ಶತ್ರು, ಮಲಗುವ ಮೊದಲು ಅದನ್ನು ಆರಿಸಿ ಎಂದು ಅವರು ಎಚ್ಚರಿಸಿದ್ದು ಹದೀಸಿನಲ್ಲಿ ಬಂದಿದೆ. ದಾರಿಯಲ್ಲಿ ಬಿದ್ದ ತೊಂದರೆಯನ್ನು ಸರಿಸುವುದು ಸದಕ ಎಂಬುದನ್ನು ಮದ್ರಸದ ಚಿಕ್ಕ ಮಕ್ಕಳಿಗೂ ಕಲಿಸುತ್ತೇವೆ. ಹಾಗಾದರೆ ಜುಮಾದ ಹೊತ್ತಿಗೆ ಗಲ್ಲಿಯ ಬಾಯಿಗೆ ಅಡ್ಡ ಕಾರು ಇಟ್ಟು ನಮಾಝಿಗೆ ಹೋಗುವುದು ಯಾವ ಲೆಕ್ಕ? ಇಸ್ಲಾಮೀ ನಗರಗಳಲ್ಲಿ ಮುಹ್ತಸಿಬ್ ಎಂಬ ಅಧಿಕಾರಿ ಇರುತ್ತಿದ್ದ. ಅಂಗಡಿಯವರು ದಾರಿಗೆ ಸಾಮಾನು ಚಾಚಿದರೆ ತೆಗೆಸುವುದೂ ಅವನ ಕೆಲಸವಾಗಿತ್ತು. ಇಂದು ಆ ಕೆಲಸ ಜಮಾಅತ್ ಕಮಿಟಿಗಳು ಮಾಡಬಹುದು. ಪೊಲೀಸರು ಬಂದು ಫೈನ್ ಹಾಕುವ ಮೊದಲು ಖತೀಬರು ಒಂದು ಮಾತು ಹೇಳಿದರೆ ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ.

ಇಸ್ತಾಂಬುಲ್ ಶಹರದ ಕಥೆ ಇಲ್ಲಿ ನೆನಪಾಗುತ್ತದೆ. ಮರದ ಮನೆಗಳ ಆ ನಗರ ಮತ್ತೆ ಮತ್ತೆ ಸುಡುತ್ತಿತ್ತು. 1720ರಲ್ಲಿ ಅಲ್ಲಿ ಪಂಪು ಹೊತ್ತು ಓಡುವ ತುಲುಂಬಾಜಿಗಳ ದಳ ಹುಟ್ಟಿತು. ಮುಂದೆ ಒಂದೊಂದು ಮೊಹಲ್ಲಾಕ್ಕೂ ಅದರದ್ದೇ ಗುಂಪು ಆಯಿತು. ಯುವಕರು ಪಂಪನ್ನು ಹೆಗಲ ಮೇಲಿಟ್ಟು ಗಲ್ಲಿ ಗಲ್ಲಿಯಲ್ಲಿ ಬರಿಗಾಲಲ್ಲಿ ಓಡುತ್ತಿದ್ದರು. ಧೈರ್ಯಕ್ಕೆ ಕೊರತೆ ಇರಲಿಲ್ಲ. ಆದರೂ 1870ರಲ್ಲಿ ಪೇರಾ ಎಂಬ ಭಾಗ ದೊಡ್ಡ ಬೆಂಕಿಯಲ್ಲಿ ನಾಶವಾಯಿತು. ಆಮೇಲೆ 1874ರಲ್ಲಿ ಹಂಗೇರಿಯಿಂದ ಸೆಚೆನಿ ಎಂಬವರನ್ನು ಕರೆಸಿ ಶಿಸ್ತಿನ ದಳ ಕಟ್ಟಿಸಿದರು. ಊರು ಬೆಳೆದಾಗ ಯುವಕರ ಧೈರ್ಯವೊಂದೇ ಸಾಲುವುದಿಲ್ಲ, ತರಬೇತಿ ಬೇಕು. ತರಬೇತಿಯ ದಳ ಇದ್ದರೂ ಅದು ಬರುವ ತನಕದ ಹತ್ತು ನಿಮಿಷ ಮೊಹಲ್ಲಾದ್ದೇ. ಜರ್ಮನಿಯಲ್ಲಿ ಇವತ್ತಿಗೂ ಹೆಚ್ಚಿನ ಊರುಗಳ ಅಗ್ನಿಶಾಮಕ ದಳ ತರಬೇತಿ ಪಡೆದ ಸ್ವಯಂಸೇವಕರದ್ದು. ದೊಡ್ಡ ನಗರಗಳಲ್ಲಿ ಸಂಬಳದ ದಳದ ಜೊತೆಗೂ ಅವರು ಇರುತ್ತಾರೆ.

ರಕ್ತದಾನಕ್ಕೆ, ಆಂಬ್ಯುಲೆನ್ಸಿಗೆ, ನೆರೆಗೆ ನಮ್ಮ ಯುವಕರು ಓಡಿ ಬರುವುದನ್ನು ಇಡೀ ಜಿಲ್ಲೆ ಕಂಡಿದೆ. ಅವರಲ್ಲಿ ವಾರ್ಡಿಗೆ ಇಪ್ಪತ್ತು ಜನರಿಗೆ ಅಗ್ನಿಶಾಮಕ ಇಲಾಖೆಯಿಂದ ತರಬೇತಿ ಕೊಡಿಸಿದರೆ? ಸುಮ್ಮನೆ ಗುಂಪು ಸೇರಿ ಮೊಬೈಲ್ ಹಿಡಿಯುವವರನ್ನು ಹಿಂದೆ ಸರಿಸುವುದೇ ಒಂದು ದೊಡ್ಡ ಉಪಕಾರ.

ಹಗಲು ಹೊತ್ತು ಮನೆಯಲ್ಲಿರುವುದು ಉಮ್ಮಂದಿರು, ಮಕ್ಕಳು, ವಯಸ್ಸಾದವರು. ಗಂಡಸರು ಅಂಗಡಿಯಲ್ಲಿ ಅಥವಾ ಗಲ್ಫಿನಲ್ಲಿ. ಆದ್ದರಿಂದ ತರಬೇತಿ ಹೆಂಗಸರಿಗೇ ಮೊದಲು ಸಿಗಬೇಕು. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬಾರದು, ಹಾಕುವುದೂ ಬೇಡ ಆರಿಸುವುದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಬೇಕು. ಕಾದ ಎಣ್ಣೆಗೆ ಬೆಂಕಿ ಹಿಡಿದರೆ ನೀರು ಹಾಕಬಾರದು, ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಹೊಗೆ ತುಂಬಿದರೆ ನೆಲಕ್ಕೆ ಬಗ್ಗಿ ಹೊರಬರಬೇಕು, ಲಿಫ್ಟ್ ಹತ್ತಬಾರದು. ಒಂದು ಮಧ್ಯಾಹ್ನದಲ್ಲಿ ಕಲಿಯುವ ವಿಷಯ ಇದು.

ಮದ್ರಸ, ಶಾಲೆಗಳ ಬಗ್ಗೆಯೂ ಒಂದು ಮಾತು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಅಡುಗೆಮನೆಯ ಬೆಂಕಿ ಹುಲ್ಲಿನ ಮಾಡಿಗೆ ಹಿಡಿದು 94 ಮಕ್ಕಳು ತೀರಿಕೊಂಡರು. ಮಕ್ಕಳು ಸುರಕ್ಷಿತ ಕಟ್ಟಡದಲ್ಲಿ ಕಲಿಯುವುದು ಅವರ ಹಕ್ಕು ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ನೂರು ಮಕ್ಕಳು ಕೂರುವ ಹಾಲಿಗೆ ಎರಡನೇ ಬಾಗಿಲು ಉಂಟಾ, ಅದು ತೆರೆಯುತ್ತದಾ ಎಂದು ಕಮಿಟಿಯವರು ಇದೇ ವಾರ ಹೋಗಿ ನೋಡಲಿ.

ಬೀಗದ ಮಾತು ಬಂದಾಗ 2024ರ ಜೂನ್ 12 ನೆನಪಿಗೆ ಬರುತ್ತದೆ. ಕುವೈತಿನ ಮಂಗಾಫಿನಲ್ಲಿ ಕಾರ್ಮಿಕರು ಮಲಗಿದ್ದ ಕಟ್ಟಡಕ್ಕೆ ಬೆಳಗಿನ ಜಾವ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಮಂದಿ ಭಾರತೀಯರು ತೀರಿಕೊಂಡರು. ಮೇಲೆ ಓಡಿದವರಿಗೆ ಟೆರೇಸಿನ ಬಾಗಿಲು ಮುಚ್ಚಿತ್ತು ಎಂಬ ವರದಿ ಬಂತು. ಗಲ್ಫಿನಲ್ಲಿ ಮಗ ಇರುವ ಪ್ರತಿ ಮನೆಯವರೂ ಆ ದಿನ ಫೋನ್ ಹಿಡಿದು ಕೂತಿದ್ದರು. ನಮ್ಮ ಫ್ಲ್ಯಾಟಿನ ಟೆರೇಸಿನ ಬೀಗ ಇನ್ನೂ ಹಾಗೆಯೇ ಉಂಟು. ಗ್ರಿಲ್ ಬೇಡ ಎಂದು ಹೇಳುವುದಿಲ್ಲ. ಒಂದು ಗ್ರಿಲ್ಲಿಗಾದರೂ ಒಳಗಿನಿಂದ ತೆರೆಯುವ ಬಾಗಿಲು ಇರಲಿ, ಕೀ ಪಕ್ಕದಲ್ಲೇ ತೂಗುತ್ತಿರಲಿ.

ಕೇಳುವುದು ಇಷ್ಟು

ಹಳೆ ಬಂದರು ಮತ್ತು ಕುದ್ರೋಳಿ ಭಾಗಕ್ಕೆ ಚಿಕ್ಕ ವಾಹನಗಳ ಒಂದು ಕಿರು ಠಾಣೆ. ಬೆಂಗ್ರೆಗೂ ಹೊಳೆಯ ದಡಕ್ಕೂ ಪಂಪಿನ ಒಂದು ದೋಣಿ. ಕೆಲಸ ಮಾಡುವ ಹೈಡ್ರಂಟುಗಳು, ಅವು ಆಗುವ ತನಕ ಪಳ್ಳಿಯ ವುಝೂ ಕೊಳ, ದೇವಸ್ಥಾನದ ಕೆರೆ, ದೊಡ್ಡ ಬಾವಿಗಳು ಎಲ್ಲಿವೆ ಎಂಬ ಪಟ್ಟಿ ಠಾಣೆಯ ಗೋಡೆಯಲ್ಲಿ. ಬೆಂಕಿಗೆ ಗೋಕರ್ಣನಾಥ ಕ್ಷೇತ್ರದ ರಸ್ತೆ, ಜಾಮಿಯ ಮಸೀದಿಯ ರಸ್ತೆ ಎಂಬ ಭೇದ ಇಲ್ಲ, ಆದ್ದರಿಂದ ಈ ಪಟ್ಟಿ ಎಲ್ಲರೂ ಸೇರಿ ಮಾಡುವಂಥದ್ದು. ಪ್ರತಿ ಗಲ್ಲಿಗೆ ಹೆಸರು, ಮನೆಗೆ ನಂಬರು. ಪಾಲಿಕೆ, ಅಗ್ನಿಶಾಮಕ ಇಲಾಖೆ, ಮೆಸ್ಕಾಂ, ಪೊಲೀಸ್, ಬಂದರು ಪ್ರಾಧಿಕಾರ ಮೂರು ತಿಂಗಳಿಗೊಮ್ಮೆ ಒಂದೇ ಮೇಜಿನ ಸುತ್ತ ಕೂರಬೇಕು, ಕೂತದ್ದರ ವರದಿ ಜನರ ಕೈಗೆ ಸಿಗಬೇಕು. ಪಾಲಿಕೆ ಚುನಾವಣೆಗೆ ಮತ ಕೇಳಿ ಮನೆಗೆ ಬರುವವರಿಗೆ, ಅವರು ಯಾವ ಪಾರ್ಟಿಯವರೇ ಇರಲಿ, ಈ ಪಟ್ಟಿ ಓದಿ ಹೇಳಿ.

ಪ್ರತಿ ವರ್ಷ ಏಪ್ರಿಲ್ 14ರಂದು ದೇಶದಲ್ಲಿ ಅಗ್ನಿಶಾಮಕ ಸೇವಾ ದಿನ ಆಚರಿಸುತ್ತಾರೆ. 1944ರ ಅದೇ ದಿನ ಮುಂಬೈ ಬಂದರಿನಲ್ಲಿ ಮದ್ದುಗುಂಡು ತುಂಬಿದ್ದ ಫೋರ್ಟ್ ಸ್ಟೈಕಿನ್ ಹಡಗು ಸ್ಫೋಟಗೊಂಡು, ಬೆಂಕಿ ಆರಿಸಲು ಹೋದ 66 ಸಿಬ್ಬಂದಿ ಪ್ರಾಣ ಕೊಟ್ಟರು. ಅವರ ನೆನಪಿಗೆ ಹೂಮಾಲೆ ಹಾಕುವುದು ಸರಿಯೇ. ಅದರ ಜೊತೆಗೆ ಈ ಸಲ ಇಲಾಖೆಯವರು ಒಂದು ಸಂಜೆ ಏಳು ಗಂಟೆಗೆ, ಮೊದಲೇ ಹೇಳದೆ, ಪಾಂಡೇಶ್ವರದಿಂದ ಒಂದು ವಾಹನ ಬಿಟ್ಟು ಕುದ್ರೋಳಿಯ ಕೊನೆಯ ಗಲ್ಲಿಯ ಕೊನೆಯ ಮನೆಗೆ ನೀರು ಮುಟ್ಟಿಸಿ ತೋರಿಸಲಿ. ಒಬ್ಬರು ಗಡಿಯಾರ ಹಿಡಿದು ನಿಲ್ಲಲಿ. ಬಂದ ನಿಮಿಷವನ್ನು ಪತ್ರಿಕೆಯಲ್ಲಿ ಹಾಕಲಿ. ಆ ಸಂಖ್ಯೆ ಕೈಗೆ ಸಿಕ್ಕಿದರೆ, ಅದನ್ನು ಇಳಿಸುವುದು ಹೇಗೆ ಎಂಬ ಮಾತು ಆವತ್ತೇ ಶುರು ಮಾಡಬಹುದು.